ಬೆನ್ನಲ್ಲಿ ಉಳಿದ ಚೂರು

ರಾತ್ರಿ ಮುಲಾಮಿನ ಡಬ್ಬಿಯ ಮುಚ್ಚಳ ಟಿಕ್ಕೆಂದಿತು. ಎಚ್ಚರವಾದರೂ ನಾನು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಅವರು ಡಬ್ಬಿಯನ್ನು ದಿಂಬಿನಡಿ ತಳ್ಳಿ, ನಿದ್ದೆ ಬಂದವರಂತೆ ಮಲಗಿಬಿಡುತ್ತಿದ್ದರು.

ನನ್ನ ಗಂಡ ಗಜಪಾಲ್ ಸಿಂಗ್ ಕಾಲಾಳು ಪಡೆಯಲ್ಲಿ ಹವಾಲ್ದಾರರಾಗಿದ್ದವರು, ಕಾರ್ಗಿಲ್ ಯುದ್ಧದಲ್ಲಿ ಹೋರಾಡಿದವರು. ಎರಡು ತಿಂಗಳಿಂದ ಅವರ ಎಡಗಾಲು ಜೋಮು ಹಿಡಿಯುತ್ತಿತ್ತು. ಗುಡ್ಡದ ಹೊಲದಿಂದ ಇಳಿಯುವಾಗ ಎರಡು ಸಲ ಬಿದ್ದಿದ್ದರು. ಡೆಹ್ರಾಡೂನಿನ ವೈದ್ಯರು ಎಂಆರ್‌ಐ ಮಾಡಿಸಲು ಬರೆದುಕೊಟ್ಟಿದ್ದರು.

ಬೆಳಿಗ್ಗೆ ಆಶಾ ಕಾರ್ಯಕರ್ತೆ ಸುಲೋಚನಾ ಆಸ್ಪತ್ರೆಯ ಕಾಗದ ತುಂಬಿಸಿಕೊಡಲು ಬಂದಳು. ಒಲೆಯ ಪಕ್ಕ ಕುಳಿತು, ರಾಗಿ ರೊಟ್ಟಿ ಮುರಿಯುತ್ತ ಒಂದೊಂದೇ ಪ್ರಶ್ನೆ ಓದಿದಳು. ಇವರನ್ನು ಅವಳು ಭೈಜಿ, ಅಂದರೆ ಅಣ್ಣ, ಎಂದೇ ಕರೆಯುವುದು.

“ಭೈಜಿ, ಮೈಯೊಳಗೆ ಎಲ್ಲಾದ್ರೂ ಸ್ಕ್ರೂ, ತಂತಿ, ಗುಂಡಿನ ಚೂರು ಇದ್ಯಾ?”

“ಇಲ್ಲ.”

“ಯೋಚ್ನೆ ಮಾಡಿ ಹೇಳಿ.”

“ಫೌಜಿ ನಾನು, ಇಲ್ಲ ಅಂದ್ರೆ ಇಲ್ಲ. ಬರ್ಕೋ.”

ಅವಳ ಪೆನ್ನು ಕಾಗದದತ್ತ ಇಳಿಯಿತು. ನನ್ನ ಬೆರಳಿಗೆ ಬೇರೆಯದೇ ಗೊತ್ತಿತ್ತು. ಅವರ ಬೆನ್ನಿಗೆ ಎಣ್ಣೆ ಹಚ್ಚುವಾಗಲೆಲ್ಲ ಸೊಂಟದ ಮೇಲೆ, ಬೆನ್ನುಮೂಳೆಯ ಪಕ್ಕದಲ್ಲೇ ಎಡಕ್ಕೆ, ಅಕ್ಕಿಕಾಳಿನ ಗಾತ್ರದ ಗಟ್ಟಿಯಾದದ್ದೇನೋ ಸಿಗುತ್ತಿತ್ತು. ಕೇಳಿದರೆ, “ಕಲ್ಲು ತರಚಿದ್ದು” ಎನ್ನುತ್ತಿದ್ದರು.

“ತಡಿ ಸುಲೋಚನಾ. ಚೂರಿದ್ರೆ ಏನಾಗುತ್ತೆ?”

“ಆ ಮೆಷಿನ್ ಅಂದ್ರೆ ದೊಡ್ಡ ಅಯಸ್ಕಾಂತ, ದೀದಿ. ಒಳಗಿರೋ ಕಬ್ಬಿಣ ಅಲ್ಲಾಡಬಹುದು, ಬಿಸಿ ಆಗ್ಬಹುದು. ಬೆನ್ನುಹುರಿ ಹತ್ರ ಇದ್ರೆ ಅನಾಹುತ. ಮೊದ್ಲೇ ಹೇಳಿದ್ರೆ ಎಕ್ಸ್‌ರೇ ತೆಗೆದು ನೋಡ್ತಾರೆ. ಎಂಆರ್‌ಐ ಬೇಡ ಅನ್ನಿಸಿದ್ರೆ ಬೇರೆ ಪರೀಕ್ಷೆ ಇದೆ.”

ಅವರು ನಕ್ಕರು. “ಇಪ್ಪತ್ತೈದು ವರ್ಷ ಸುಮ್ನೆ ಬಿದ್ದಿರೋದು ಈಗ ಎದ್ದು ಕವಾಯತು ಮಾಡುತ್ತಾ?”

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು. ನಗು ಅಲ್ಲಿಗೇ ನಿಂತಿತು.

ನಮ್ಮೂರಿನಲ್ಲಿ ಮನೆಗೊಬ್ಬ ಫೌಜಿ. ಮದುವೆಗಳಲ್ಲಿ ರಮ್ ಒಳಗಿಳಿದಂತೆ ಅಂಗಿಗಳು ಮೇಲೇರುತ್ತವೆ. ಎದೆಯ ಗಾಯ, ತೋಳಿನ ಗಾಯ ತೋರಿಸಿಕೊಳ್ಳುತ್ತಾರೆ. ಬೆನ್ನಿನ ಗಾಯವನ್ನು ತೋರಿಸಿದವರಿಲ್ಲ. ಬೆನ್ನಿಗೆ ಪೆಟ್ಟು ತಿಂದವನು ಓಡಿದವನು ಎಂಬ ಮಾತಿದೆ. ಇವರು ಒರತೆಯ ಬಳಿ ಅಂಗಿ ತೊಟ್ಟೇ ಸ್ನಾನ ಮಾಡುತ್ತಿದ್ದರು.

“ಓಡಿ ಬಂದ್ರಾ?” ಎಂದು ನಾನೇ ಕೇಳಿದೆ. ಬೇರೆ ದಾರಿಯಿರಲಿಲ್ಲ.

“ಗುಡ್ಡ ಇಳೀತಿದ್ದೆ. ಬಲಗಡೆ ಹೆಗಲ ಮೇಲೆ ನಮ್ಮ ಪಡೆಯ ಕುಶಾಲ್ ಇದ್ದ. ಅವನ ಕಾಲು ಹೋಗಿತ್ತು. ಶೆಲ್ ಹಿಂದೆ ಬಿದ್ದು ಸಿಡೀತು. ದಾರಿಯುದ್ದಕ್ಕೂ ಮಾತಾಡ್ತಿದ್ದ. ಕೆಳಗೆ ಮುಟ್ಟಿದಾಗ ಸುಮ್ನಾಗಿದ್ದ.”

“ಡಾಕ್ಟರಿಗೆ ಆಗ್ಲೇ ಯಾಕೆ ಹೇಳ್ಲಿಲ್ಲ?”

“ಎಲ್ಲಿ ಬಿತ್ತು ಅಂತ ಕೇಳ್ತಾರಲ್ಲ.”

ಸುಲೋಚನಾ ಪೆನ್ನು ಕೆಳಗಿಡಲಿಲ್ಲ. “ಭೈಜಿ, ಆ ಮೆಷಿನ್ನು ನೀವು ಓಡಿದ್ರಾ ನಿಂತ್ರಾ ಅಂತ ಕೇಳಲ್ಲ. ಕಬ್ಬಿಣ ಇದ್ಯಾ ಅಂತ ಅಷ್ಟೇ.”

ಅವರು ಒಲೆಯಿಂದ ಹೊರಬಂದ ಕೊಳ್ಳಿಯನ್ನು ಒಳಗೆ ತಳ್ಳಿದರು.

“ಹೌದು ಅಂತ ಬರಿ,” ಎಂದರು ಕೊನೆಗೆ. “ಬೆನ್ನು ಅಂತಾನೂ ಬರಿ.”

ಎಕ್ಸ್‌ರೇಯಲ್ಲಿ ಚೂರು ಬೆನ್ನುಮೂಳೆಗೆ ಒತ್ತಿಕೊಂಡಂತೆ ಕಂಡಿತು. ವೈದ್ಯರು ಎಂಆರ್‌ಐ ಬಿಟ್ಟು ಸಿಟಿ ಸ್ಕ್ಯಾನ್ ಮಾಡಿಸಿದರು, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ ಚೂರನ್ನು ತೆಗೆದರು. ಈಗ ಇವರು ಕೋಲು ಹಿಡಿದು ಹೊಲದವರೆಗೂ ಹೋಗಿಬರುತ್ತಾರೆ. ಮುಲಾಮಿನ ಡಬ್ಬಿ ದಿಂಬಿನಡಿಯಿಂದ ಗೋಡೆಯ ಗೂಡಿಗೆ ಬಂದಿದೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಯುದ್ಧ ಕಂಡವರಿರಬಹುದು, ಮೂಳೆಗೆ ಸರಳು ಹಾಕಿಸಿಕೊಂಡವರಿರಬಹುದು, ಎದೆಯಲ್ಲಿ ಪೇಸ್‌ಮೇಕರ್ ಇಡಿಸಿಕೊಂಡವರಿರಬಹುದು, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಚೂರು ಸಿಡಿಸಿಕೊಂಡವರಿರಬಹುದು. ಎಂಆರ್‌ಐಗೆ ಹೋಗುವ ಮೊದಲು ಅವರನ್ನು ಕೇಳಿ. ಅವರು ಇಲ್ಲವೆಂದರೂ ನಿಮಗೆ ಗೊತ್ತಿರುವುದನ್ನು ನೀವು ಹೇಳಿ. ವೈದ್ಯರ ಮುಂದೆ ಯಾವ ಗಾಯವೂ ನಾಚಿಕೆಯದಲ್ಲ.

ಇಷ್ಟನ್ನು ಬರೆಯಲು ನನ್ನವರೇ ಒಪ್ಪಿದ್ದಾರೆ. ಆಸ್ಪತ್ರೆಯಿಂದ ಬರುವಾಗ, ಬಸ್ಸಿನಲ್ಲಿ, ಕುಶಾಲ್ ಹೆಗಲ ಮೇಲೆ ಏನೇನು ಮಾತಾಡಿದನೆಂದು ನನಗೆ ಹೇಳಿದರು. ಯಾವ ಆಸ್ಪತ್ರೆಯ ಕಾಗದವೂ ಅದನ್ನು ಕೇಳುವುದಿಲ್ಲ. ಅದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.