ಹದಿನೇಳನೇ ಬಾವಿ

ತಿರಸ್ಕರಿಸಲು ಒಂದು ಕಾರಣ ಬೇಕಿತ್ತು. ರಘುನಂದನ್ ಬೆಳಗಿನಿಂದ ಮೂರು ಕಾರಣ ಟೈಪಿಸಿ ಮೂರನ್ನೂ ಅಳಿಸಿದ್ದ. ಭಾಷೆ ಸಡಿಲ ಎನ್ನೋಣವೆಂದರೆ ಹಾಳಾದ ಲೇಖನದ ಭಾಷೆ ಅವನದಕ್ಕಿಂತ ಚೆನ್ನಾಗಿತ್ತು.

ಸಂಶೋಧನಾ ಪತ್ರಿಕೆಯ ನಿಯಮ ಇಷ್ಟೇ. ಬರೆದವರು ಯಾರೆಂದು ಪರಿಶೀಲಕನಿಗೆ ತಿಳಿಯಬಾರದು, ಪರಿಶೀಲಕ ಯಾರೆಂದು ಬರೆದವರಿಗೆ ತಿಳಿಯಬಾರದು. ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿದರೆ ನ್ಯಾಯ ಹುಟ್ಟುತ್ತದಂತೆ. ಮೊದಲನೇ ಪರಿಶೀಲಕರು ಲೇಖನ ಒಪ್ಪಿಯಾಗಿತ್ತು. ಎರಡನೆಯವನು ಇವನು. ಸಂಜೆ ಐದರೊಳಗೆ ತೀರ್ಪು ಕೊಡಿ ಎಂದು ಸಂಪಾದಕರು ಬರೆದಿದ್ದರು.

ಹದಿನೈದು ವರ್ಷದ ಹಿಂದೆ ಅವನು ನಾಗಮಂಗಲ ತಾಲ್ಲೂಕಿನ ನಲವತ್ತು ಬಾವಿಗಳ ನೀರಿನ ಮಟ್ಟ ಅಳೆದು ಪ್ರಕಟಿಸಿದ್ದ. ಪ್ರೊಫೆಸರ್ ಆದದ್ದೂ ಅದರಿಂದಲೇ. ಅವನ್ನೇ ಮತ್ತೆ ಅಳೆಯಲು ಹೋದ ಈ ಅನಾಮಿಕ ಲೇಖಕರಿಗೆ ಇಪ್ಪತ್ತೊಂಬತ್ತು ಸಿಕ್ಕಿದ್ದವು. ಹನ್ನೊಂದು ಸಿಗಲಿಲ್ಲ. ಸಿಗುವುದಾದರೂ ಎಲ್ಲಿಂದ? ಆ ಹನ್ನೊಂದನ್ನು ಅವನು ಲಾಡ್ಜಿನ ಮಂಚದ ಮೇಲೆ ಕೂತು ಅಳೆದಿದ್ದ. ಬಿಸಿಲು ಜಾಸ್ತಿಯಿತ್ತು.

‘ಲೇಖಕರು ಸರಿಯಾಗಿ ಹುಡುಕಿಲ್ಲ, ಮತ್ತೆ ಹೋಗಲಿ’ ಎಂದು ಮೊದಲ ಸುತ್ತಿನಲ್ಲಿ ಬರೆದಿದ್ದ. ಲೇಖಕರು ಮತ್ತೆ ಹೋಗಿ, ಊರವರ ಹೆಬ್ಬೆಟ್ಟಿನ ಗುರುತು ಸಮೇತ ಉತ್ತರ ಕಳಿಸಿದ್ದರು.

ಹತ್ತಕ್ಕೆ ಪವಿತ್ರಳ ಫೋನ್ ಬಂತು. ಅವನ ಹಳೇ ವಿದ್ಯಾರ್ಥಿನಿ, ಈಗ ಪಾಂಡವಪುರದಲ್ಲಿ ಅತಿಥಿ ಉಪನ್ಯಾಸಕಿ. ತನ್ನದೊಂದು ಲೇಖನ ಎರಡನೇ ಪರಿಶೀಲಕರ ಹತ್ತಿರ ಕೂತುಬಿಟ್ಟಿದೆ, ಈ ತಿಂಗಳು ಒಪ್ಪಿಗೆ ಸಿಗದಿದ್ದರೆ ಪಿಎಚ್.ಡಿ. ಅವಧಿ ಮುಗಿದು ಆರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಎಂದಳು. ಯಾವ ಲೇಖನವೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ.

“ಯಾರಿರಬೋದು ಸಾರ್ ಅವ್ರು?”

“ಯಾರಾದ್ರೂ ಇರ್ಬೋದು.”

“ನಿಮಗೆ ಗೊತ್ತಿರೋರಾದ್ರೆ ಒಂದ್ಮಾತು ಹೇಳಿ ಸಾರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಫೋನನ್ನೇ ಆಫ್ ಮಾಡಿದ. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

ಆಮೇಲೆ ಒಂದು ಆಸೆ ಹುಟ್ಟಿತು. ಹನ್ನೊಂದರಲ್ಲಿ ಒಂದಾದರೂ ಇದ್ದುಬಿಟ್ಟರೆ? ಎಲ್ಲಿ ಬೇಕಾದರೂ ಬಾವಿ ತೋಡುವ ಜನ ನಮ್ಮವರು. ಒಂದು ಸಿಕ್ಕರೂ ಸಾಕು, ಲೇಖನವನ್ನು ಆತ್ಮಸಾಕ್ಷಿಯಾಗಿ ತಿರಸ್ಕರಿಸಬಹುದು. ಕಾಲೇಜಿಗೆ ರಜೆ ಹಾಕಿ, ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ನಾಗಮಂಗಲ ದಾಟಿ ಕೆ.ಆರ್. ಪೇಟೆ ರಸ್ತೆಯಲ್ಲಿ ಇಳಿದ. ಅವನದೇ ನಕ್ಷೆಯ ಪ್ರಕಾರ ಹದಿನೇಳನೇ ಬಾವಿ ರಸ್ತೆಯಿಂದ ಇನ್ನೂರು ಮೀಟರ್.

ಅಲ್ಲಿ ರಾಗಿ ಹೊಲವಿತ್ತು. ಕಳೆ ಕೀಳುತ್ತಿದ್ದ ಮುದುಕಿ ತನ್ನ ಹೆಸರು ಪುಟ್ಟಗೌರಮ್ಮ ಎಂದಳು. ಬಾವಿಯ ಮಾತೆತ್ತಿದ್ದಕ್ಕೆ ಕೈಯಲ್ಲಿದ್ದ ಹುಲ್ಲು ಬಿಸಾಕಿ ಅವನನ್ನೇ ನೋಡಿದಳು.

“ನೀನೂ ಬಂದ್ಯಾ? ಎಲ್ಡು ಸಲ ಒಂದೆಣ್ಣುಡ್ಗಿ ಬಂದಿತ್ತು. ಇಲ್ಲಿ ಯಾವತ್ತೂ ಬಾವಿ ಇರ್ನಿಲ್ಲ ಕಣವ್ವ ಅಂದ್ರೂ ಕೇಳ್ನಿಲ್ಲ. ನಮ್ ಮೇಷ್ಟ್ರು ಸುಳ್ ಬರ್ಯಾಕಿಲ್ಲ ಕಣಜ್ಜಿ ಅಂದ್ಬುಟ್ಟು, ಈ ಒಲನೆಲ್ಲ ತಿರುಗ್ತು.”

“ಯಾವ ಮೇಷ್ಟ್ರು?”

“ಅದ ನಾನ್ಯಾಕೆ ಕೇಳಾನೆ?”

ಅವಳು ಮತ್ತೆ ಕಳೆಗೆ ಬಗ್ಗಿದಳು. ನಾಲ್ಕೂಮುಕ್ಕಾಲಾಗಿತ್ತು. ಫೋನು ತೆರೆದ. ‘ಸ್ವೀಕರಿಸಿ’, ‘ತಿರಸ್ಕರಿಸಿ’ ಎಂಬ ಎರಡು ಚೌಕಗಳು ಬೆರಳಿಗೆ ಕಾದಿದ್ದವು. ಯಾವುದನ್ನೂ ಒತ್ತದೆ, ನಕ್ಷೆಯ ಚುಕ್ಕೆಯಿದ್ದ ಜಾಗಕ್ಕೆ ಸಾಲು ತುಳಿಯದಂತೆ ನಡೆದುಹೋಗಿ, ಬಾವಿಕಟ್ಟೆಯ ಮೇಲೆ ಕೈಯೂರಿದವನ ಹಾಗೆ ಬಗ್ಗಿದ. ಒಂದು ಕಲ್ಲೆತ್ತಿ ಕೆಳಗೆ ಬಿಟ್ಟ.

ಕಲ್ಲು ಅವನ ಕಾಲಿನ ಪಕ್ಕದಲ್ಲೇ ಬಿತ್ತು. ರಘುನಂದನ್ ನೀರಿನ ಸದ್ದಿಗೆ ಕಿವಿಗೊಟ್ಟು ಬಗ್ಗಿಯೇ ನಿಂತಿದ್ದ.