ನೀಲಿ ಎಮ್ಮೆ

ಬಲಗಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ನನ್ನ ಹೊಸ ಮಕ್ಕಳ ಪುಸ್ತಕ ಅಷ್ಟರಲ್ಲಿ ಅಚ್ಚಾಗಿ, ನಾನು ಬಿಡಿಸಿದ ಮೂಲಚಿತ್ರಗಳು ಕುಷಾಯಿಗೂಡದ ಮನೆಗೆ ವಾಪಸು ಬಂದಿದ್ದವು. ಕಟ್ಟು ಬಿಚ್ಚಿದೆ. ಎಮ್ಮೆ ನೀಲಿ. ಅಜ್ಜಿಯ ಕೂದಲು ನೀಲಿ. ಅವಳು ತಟ್ಟುವ ಜೋಳದ ರೊಟ್ಟಿಯೂ ನೀಲಿ!

ಪೊರೆಗಣ್ಣಿಗೆ ಎಲ್ಲವೂ ಹಳದಿ ಕಾಣುತ್ತಿತ್ತು. ಹಳದಿ ಹೋಗಲೆಂದು ನಾನು ನೀಲಿ ಬಳಿಯುತ್ತಲೇ ಹೋಗಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನೀಲಿ ಎಮ್ಮೆ ಮಾತ್ರ ನನಗೂ ಮುದ್ದಾಗಲಿಲ್ಲ.

"ಹುಡುಗ್ರಿಗೆ ಏನ್ ತಿಳೀತೈತಿ, ಬಿಡು," ಎಂದರು ನನ್ನ ಗಂಡ ಗುರುಸಿದ್ದಪ್ಪ.

"ಅವಕ್ಕ ಮೊದ್ಲು ತಿಳಿಯೂದು!" ಎಂದು ರೇಗಿದೆ. ಇರುವೆಗೆ ಐದೇ ಕಾಲು ಬಿಡಿಸಿದ್ದಕ್ಕೆ ಪತ್ರ ಬರೆದು ಬೈದ ಓದುಗರು ನನ್ನವರು. ಭಾನುವಾರ ಅಂಥ ಅರವತ್ತು ಮಕ್ಕಳ ಮುಂದೆ ಈ ಪುಸ್ತಕ ಓದಬೇಕು. ಮೂವತ್ತು ವರ್ಷದ ಹೆಸರು ಹೋಯಿತೆಂದೇ ಭಯವಾಯಿತು. ಆಟೊ ಹಿಡಿದು ಹಿಮಾಯತ್‌ನಗರಕ್ಕೆ, ಪ್ರಕಾಶಕ ಪ್ರಾಣೇಶರ ಆಫೀಸಿಗೆ ಓಡಿದೆ.

"ಬರ್ರಿ ಸತ್ಯಭಾಮಾ ಅಕ್ಕಾರ," ಎಂದು ಅವರು ಪುಸ್ತಕ ಕೈಗಿಟ್ಟರು. ತಕ್ಷಣ ತೆರೆದೆ. ಎಮ್ಮೆ ಕಪ್ಪಗಿತ್ತು. ರೊಟ್ಟಿ ರೊಟ್ಟಿಯಂತೆಯೇ ಇತ್ತು. ಹೋದ ಜೀವ ಬಂದಂತಾಯಿತು. ಅಲ್ಲೇ ಕುರ್ಚಿಗೆ ಕುಸಿದು ಒಂದು ತಂಬಿಗೆ ನೀರು ಕುಡಿದೆ.

"ಕಂಪ್ಯೂಟರಿನಾಗ ಸರಿ ಮಾಡೀವ್ರಿ. ಹಿಂದಿನ ಎರಡು ಪುಸ್ತಕಾನೂ ಹಂಗ ಮಾಡಿದ್ವಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

ಪ್ರಾಣೇಶ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. "ಹಿಂದೊಮ್ಮೆ ಗಿಣಿ ಚಿತ್ರದಾಗ ಹಸಿರು ಸ್ವಲ್ಪ ಜಾಸ್ತಿ ಆತು ಅಂದಿದ್ದಕ್ಕ ಆರು ತಿಂಗಳು ಫೋನ್ ಎತ್ತಲಿಲ್ರಿ ನೀವು."

ಸಿಟ್ಟು ಮೂಗಿನ ತುದಿಗೆ ಬಂತು. ಆದರೆ ಮಾತು ಸುಳ್ಳಲ್ಲವಲ್ಲ. ಆಗಲೇ ಹೇಳಿದ್ದರೆ ಎರಡು ವರ್ಷ ಮೊದಲೇ ಕಣ್ಣು ತೋರಿಸಿಕೊಳ್ಳುತ್ತಿದ್ದೆ. ಹೇಳಲು ಬಿಡದವಳು ನಾನೇ. ನಾಚಿಕೆಯಾಯಿತು. ಆದರೂ ಪುಸ್ತಕ ಉಳಿದ ಸಮಾಧಾನ ಅದಕ್ಕಿಂತ ದೊಡ್ಡದಿತ್ತು.

"ಎಡಗಣ್ಣಿನ ಆಪರೇಷನ್ ಇನ್ನೂ ಐತಿ," ಎಂದೆ. "ಅಲ್ಲೀತನಕ ನನ್ನ ಬಣ್ಣ ನೀವ ನೋಡ್ರಿ. ತಪ್ಪಿದ್ರ ಮಾರಿ ಮ್ಯಾಲ ಹೇಳ್ರಿ."

"ಬೈಯೂದಿಲ್ಲಲ್ರಿ?"

"ಬೈತೀನಿ," ಎಂದೆ. "ಆದ್ರೂ ಹೇಳ್ರಿ."