ಖಾಲಿಯಾದ ನೂಲಿನ ಬುಟ್ಟಿ

ಹೊಲಿಗೆ ಅಂಗಡಿಯಲ್ಲಿ ಕಸೂತಿ ಹಾಕುವ ಅಕ್ಕ ಕೈ ತೊಳೆದು ಬರುವಷ್ಟರಲ್ಲಿ ಕಂಪ್ಯೂಟರಿನ ಪರದೆ ಬೋಳು ಬೋಳಾಗಿತ್ತು. ನೂಲಿನ ಅಂಗಡಿಯ ಜಾಲತಾಣವನ್ನು ಮತ್ತೆ ತೆರೆದಳು. ಕೊಳ್ಳಲು ಆರಿಸಿದ್ದನ್ನು ಇಡುವ ಅಲ್ಲಿನ ಬುಟ್ಟಿಯಲ್ಲಿ ಒಂದು ಎಳೆಯೂ ಇಲ್ಲ.

ನಾಟಕದ ತಂಡದ ಯಜಮಾನಿ ಬೆಳಿಗ್ಗೆಯೆಲ್ಲ ಪಕ್ಕದಲ್ಲೇ ಕೂತು, ನಿಲುವಂಗಿಗಳ ಅಂಚಿಗೆ ಒಂದೊಂದೇ ಬಣ್ಣ ಆರಿಸಿ ಬುಟ್ಟಿಗೆ ಹಾಕಿಸಿದ್ದಳು. ತಂಡದವರನ್ನು ಒಂದು ಮಾತು ಕೇಳಿ ಬರುತ್ತೇನೆಂದು ಬಟ್ಟೆಯ ಗಂಟನ್ನು ಇಲ್ಲೇ ಬಿಟ್ಟು ಹೋಗಿದ್ದಳು. ಈ ಕೆಲಸ ಸಿಕ್ಕರೆ ಅಕ್ಕನ ಸೂಜಿಗೆ ವರ್ಷವಿಡೀ ಬಿಡುವಿಲ್ಲ.

“ಬ್ರೌಸರ್ ಮುಚ್ಚಿದ್ಯಾರು?”

“ನಾನೇ,” ಎಂದ ಹೊಲಿಗೆ ಯಂತ್ರದ ಮುಂದಿದ್ದ ತಮ್ಮ, ತಲೆ ಎತ್ತದೆ.

ಆ ಬ್ರೌಸರನ್ನು ಹಾಕಿದವನೂ ಅವನೇ. ಒಮ್ಮೆ ಅಂತರ್ಜಾಲದಲ್ಲಿ ಅಂಗಿಯ ಗುಂಡಿ ಹುಡುಕಿದ್ದಕ್ಕೆ ಎಲ್ಲಿ ಹೋದರೂ ಗುಂಡಿಯ ಜಾಹೀರಾತು ಬೆನ್ನು ಹತ್ತಿ ಅವನ ತಲೆ ಕೆಟ್ಟುಹೋಗಿತ್ತು. ತಾಣಗಳು ನಮ್ಮ ಗುರುತಿಗೆಂದು ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಕುಕೀ ಎಂಬ ಪುಟ್ಟ ಕಡತಗಳೆಲ್ಲ ಬ್ರೌಸರ್ ಮುಚ್ಚಿದೊಡನೆ ಅಳಿದುಹೋಗುವಂತೆ ಮಾಡಿದ್ದ. ಯಂತ್ರದಿಂದ ಎದ್ದರೆ ಅದಕ್ಕೆ ಹೊದಿಕೆ ಹಾಕುವ ಅಭ್ಯಾಸದವನು. ಕಂಪ್ಯೂಟರಿನ ಮುಂದೆ ಹಾದುಹೋದರೂ ತೆರೆದದ್ದನ್ನು ಮುಚ್ಚದೆ ಬಿಡುತ್ತಿರಲಿಲ್ಲ. ನೂಲಿನ ತಾಣದಲ್ಲಿ ಖಾತೆ ತೆರೆಯಲೂ ಬಿಟ್ಟಿರಲಿಲ್ಲ.

“ಆ ಬುಟ್ಟಿ ನೆನಪಿರೋದೇ ಕುಕೀಲಿ ಕಣೋ, ಮಹಾನುಭಾವ! ಅದೊಂದು ತಾಣದ ಕುಕೀ ಅಳಿಸದೆ ಬಿಡು ಅಂತ ಎಷ್ಟು ಸಲ ಬಡ್ಕೊಂಡೆ?”

“ಒಬ್ಬನಿಗೆ ಬಿಟ್ರೆ ಊರೆಲ್ಲ ಒಳಗೆ ಬರುತ್ತೆ.”

“ನಿನ್ನ ಗುಂಡಿ ಕದಿಯೋಕೆ ಯಾರು ಕಾದು ಕೂತಿದಾರೆ?”

“ನಿನ್ನ ಬಾಯಿಗೂ ಒಂದು ಗುಂಡಿ ಹಾಕ್ಕೋ, ಅಕ್ಕ.”

ಅಷ್ಟರಲ್ಲಿ ಯಜಮಾನಿ ಒಳಗೆ ಬಂದಳು. “ಎಲ್ರೂ ಒಪ್ಪಿದ್ರು. ಆ ಬಣ್ಣಗಳನ್ನೇ ತರಿಸಿಬಿಡಿ.”

ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. “ಇನ್ನೊಂದು ಸಲ ಕೂತ್ಕೊಳ್ಳಿ ತಾಯಿ, ಬೇಗ ಆರಿಸಿಬಿಡೋಣ.”

“ಮತ್ತೆ ಕೂರೋದಾ? ಆರಿಸಿದ ನೂಲನ್ನೇ ಉಳಿಸ್ಕೊಳ್ಳೋಕೆ ಆಗದೋರು ನನ್ನ ಬಟ್ಟೆ ಏನು ಉಳಿಸ್ತೀರಾ? ಕೊಡಿ ಇಲ್ಲಿ.” ಗಂಟು ಎತ್ತಿಕೊಂಡು, ಬಾಗಿಲನ್ನು ಧಡಾರನೆ ಹಾಕಿ ಹೊರಟೇಹೋದಳು.

“ಹೋದ್ರೆ ಹೋಗ್ಲಿ. ಅವಳು ಇಲ್ಲಿ ಏನು ನೋಡಿದಳು ಅಂತ ಯಾವ ಜಾಹೀರಾತಿನವನಿಗೂ ಗೊತ್ತಾಗಲ್ಲ,” ಎಂದ ತಮ್ಮ.

ಅಕ್ಕ ಅವನ ಮುಖಕ್ಕೆ ಉಗಿಯುವುದೊಂದು ಬಾಕಿ. ಬ್ರೌಸರಿನ ಸೆಟ್ಟಿಂಗ್ಸ್ ತೆರೆದು, ಕುಕೀ ಅಳಿಸಬಾರದ ತಾಣಗಳನ್ನು ಸೇರಿಸುವ ಜಾಗದಲ್ಲಿ ನೂಲಿನ ಅಂಗಡಿಯ ವಿಳಾಸವನ್ನು ಕುಟ್ಟಿ ಕುಟ್ಟಿ ಬರೆದಳು.

“ಈಗ ಯಾರಿಗೆ ಅದು? ಗಿರಾಕಿನೇ ಹೋದ್ಲಲ್ಲ.”

“ಮುಂದೆ ಬರೋರಿಗೆ. ಇದನ್ನ ತೆಗೆದು ನೋಡು, ನಿನ್ನ ಯಂತ್ರ ಬೀದೀಲಿರುತ್ತೆ.”

ತಮ್ಮ ಅದನ್ನು ತೆಗೆಯಲು ಎದ್ದು ಬಂದ. ಅಕ್ಕ ಮೌಸನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯಿಂದ ಅಲುಗಲಿಲ್ಲ.